ಅಜ್ಜನ ಜವಳಿ ಅಂಗಡಿ ಉಳಿಸಿಕೊಂಡಿದ್ದು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಪಕ್ಕದಲ್ಲೇ ನಮ್ಮ ಅಜ್ಜನ ಅಂಗಡಿ. ಕೆಳಗೆ ಜವಳಿ, ಪಾತ್ರೆ. ಮೇಲೆ ಕಂಬಳಿ, ಕೊಡೆ. ಮಳೆ ಹಿಡಿಯೋ ಮುಂಚೆ ತೋಟದ ಕಡೆಯವರು ಬಂದು ಸಾಲಕ್ಕೆ ಒಯ್ಯುತ್ತಿದ್ದರು, ಕಾಫಿ ಮಾರಿದ ಮೇಲೆ ದುಡ್ಡು. ದೊಡ್ಡಪ್ಪನಿಗೆ ಕೈಲಾಗದೆ ಬಾಗಿಲು ಹಾಕಿದೆವು. ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಅಂತ ಮನೆಯಲ್ಲಿ ಅರ್ಧ ಜನ. ಎರಡು ವರ್ಷ ಟೈಮ್ ಕೇಳಿದೆ.

ಮೊದಲ ತಪ್ಪು ನನ್ನದೇ. ಗೋಡೆ ಉದುರುತ್ತಿದೆ ಅಂತ ಸಿಮೆಂಟ್ ಬಳಿಸಿದೆ. ಆಷಾಢದ ಮಳೆಗೆ ಅದು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಒಳಗಿನದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಅದು ನೀರು ಕುಡಿಯುತ್ತೆ, ಬಿಸಿಲು ಬಂದಾಗ ಬಿಡುತ್ತೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರು ಹೊರಗೆ ಹೋಗೋದು ಎಲ್ಲಿಂದ? ಬಳಿಸಿದ್ದಕ್ಕಿಂತ ಕೆರೆಸಿದ್ದಕ್ಕೇ ಖರ್ಚು ಜಾಸ್ತಿ.

ಆಮೇಲೆ ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯನ್ನು ಹುಡುಕಿದೆ. ಸುಟ್ಟ ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ ಮೂರು ವಾರ ನೀರಲ್ಲೇ ಬಿಟ್ಟರು. 1 ಪಾಲು ಸುಣ್ಣಕ್ಕೆ 3 ಪಾಲು ಮರಳು, ಜೊತೆಗೆ ಅಳಲೆಕಾಯಿ ಜಜ್ಜಿ ನೆನೆಸಿದ ನೀರು, ಬೆಲ್ಲದ ನೀರು. (ಬೆಲ್ಲದ ಡಬ್ಬಕ್ಕೆ ಇರುವೆ ಮುತ್ತಿದ್ದು ಬೇರೆ ಕಥೆ.) ತೆಳ್ಳಗೆ ಒಂದು ಪದರ ಬಳಿದು, ಒದ್ದೆ ಗೋಣಿಚೀಲ ಇಳಿಬಿಟ್ಟು ಕಾಯಬೇಕು. ಅವಸರ ಮಾಡಿದರೆ ಬಿರುಕು. ಅದಕ್ಕೇ ಜನವರಿಯಲ್ಲಿ ಶುರು ಮಾಡಿ ಮೇ ಒಳಗೆ ಮುಗಿಸಿದೆವು.

ಹಂಚು ಇಳಿಸಿದಾಗ ಅಡಿಯಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಮುದ್ರೆ, 1865 ಅಂತ ಅಂಕಿ. ಕಟ್ಟಡ ಅಷ್ಟು ಹಳೇದು ಅಂತ ನೆಂಟರೆಲ್ಲ ಕುಣಿದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅಷ್ಟೇ. ಗಟ್ಟಿ ಹಂಚುಗಳನ್ನು ತೊಳೆದು ಹಾಗೇ ಹೊದಿಸಿದೆವು. ಗೆದ್ದಲು ತಿಂದ ಎರಡು ಕಂಬಗಳ ಬುಡ ಕತ್ತರಿಸಿ ಆಚಾರ್ರು ಕಲ್ಲು ಕೂರಿಸಿದರು.

ನನಗೆ ಇಷ್ಟವಾದದ್ದು ಮುಂದಿನ ಹಲಗೆ ಬಾಗಿಲು. ಒಂದೊಂದು ಹಲಗೆಯ ಹಿಂದೆ ೧ರಿಂದ ೧೪ರವರೆಗೆ ಉಳಿಯಲ್ಲಿ ಕೆತ್ತಿದ ಅಂಕಿ. ಕ್ರಮ ತಪ್ಪಿದರೆ ಚೌಕಟ್ಟಿನ ಸೀಳಿನಲ್ಲಿ ಕೂರೋದೇ ಇಲ್ಲ. ೯ ಸಿಗಲೇ ಇಲ್ಲ, ಹೊಸದು ಮಾಡಿಸೋಣ ಅಂದೆ. "ಸ್ವಲ್ಪ ತಡೀರಿ" ಅಂದರು ಆಚಾರ್ರು. ಸಿಕ್ಕಿದ್ದು ದೊಡ್ಡಮ್ಮನ ಹಿತ್ತಿಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಕೊಡ ಇಡೋ ಮಣೆಯಾಗಿ. ಈಗ ಮುಂದಿನ ಕೋಣೆಯನ್ನು ಕಾಫಿ ಪುಡಿ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಬೆಳಿಗ್ಗೆ ಆ ಅಂಗಡಿ ಹುಡುಗ ಹಲಗೆ ತೆಗೆಯುವಾಗ ದೊಡ್ಡಪ್ಪ ಎದುರಿನ ಜಗಲಿಯಲ್ಲಿ ಕೂತು ಜೋರಾಗಿ ಎಣಿಸುತ್ತಾರೆ.