ಮರಿ ಹುಂಜಾನಾ, ಹೇಂಟೆನಾ? ನೋಡಿ ತಿಳಿಯೋದು ಹೀಗೆ

ಮೊಟ್ಟೆಗೆ ಅಂತ ಹತ್ತು ನಾಟಿ ಮರಿ ತಂದು, ಅದರಲ್ಲಿ ಏಳು ಹುಂಜ ಆದರೆ ಯಾರಿಗೆ ಬೇಕು ಹೇಳಿ. ಅದಕ್ಕೇ ಕೊಳ್ಳುವ ಮೊದಲು ಗುರುತು ಹಿಡಿಯೋದು ಕಲಿತಿರಬೇಕು.

ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಅನ್ನೋದನ್ನ ಮೊದಲು ಮರೆತುಬಿಡಿ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆ ಮೇಲೆ ತೂಗಾಡಿಸೋದೂ ಅಷ್ಟೇ. ಮರಿ ಗಂಡೋ ಹೆಣ್ಣೋ ಅನ್ನೋದು ತಾಯಿಯಿಂದ ಬರುವ ಕ್ರೋಮೋಸೋಮಿನಿಂದ ತೀರ್ಮಾನ ಆಗುತ್ತದೆ, ಚಿಪ್ಪಿನ ಆಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ದೊಡ್ಡ ಹ್ಯಾಚರಿಗಳಲ್ಲಿ ಒಂದು ದಿನದ ಮರಿಯ ಗುದದ್ವಾರ ಬಿಡಿಸಿ ನೋಡುತ್ತಾರೆ. 1920ರ ದಶಕದಲ್ಲಿ ಜಪಾನಿನಲ್ಲಿ ಬೆಳೆದ ವಿದ್ಯೆ ಇದು. ಪಳಗಿದ ಕೈ ಬೇಕು, ಸುಮ್ನೆ ಮನೆಯಲ್ಲಿ ಪ್ರಯತ್ನಿಸಿದರೆ ಮರಿಗೆ ಪೆಟ್ಟಾಗುತ್ತದೆ. ಇನ್ನೊಂದು ವಿಧಾನ ರೆಕ್ಕೆ ನೋಡೋದು: ಉದ್ದ ಗರಿ ಮೇಲಿನ ಗರಿಗಿಂತ ಮುಂದಕ್ಕೆ ಬಂದಿದ್ದರೆ ಹೆಣ್ಣು, ಎರಡೂ ಸಮ ಇದ್ದರೆ ಗಂಡು. ಆದರೆ ಇದು ಅದಕ್ಕೆಂದೇ ಜೋಡಿ ಮಾಡಿದ ತಳಿಗಳಲ್ಲಿ ಮಾತ್ರ ನಡೆಯುತ್ತದೆ, ಅದೂ ಮೊದಲ ಒಂದೆರಡು ದಿನ. ಹಿತ್ತಲಲ್ಲಿ ಕಾವಿಗೆ ಕೂತ ನಾಟಿ ಕೋಳಿಯ ಮರಿಗೆ ಇದನ್ನ ನಂಬಬೇಡಿ.

ನಮಗೆ ಇರುವ ದಾರಿ ಕಾಯೋದು. ಐದಾರು ವಾರ ಆದಾಗ ಜುಟ್ಟು ನೋಡಿ. ಒಂದೇ ತಾಯಿಯ, ಒಂದೇ ದಿನ ಹುಟ್ಟಿದ ಮರಿಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸಿ, ಬೇರೆ ಮನೆಯ ಮರಿ ಜೊತೆ ಹೋಲಿಸಿದರೆ ಏನೂ ಗೊತ್ತಾಗಲ್ಲ. ಜುಟ್ಟು ಬೇಗ ಕೆಂಪಾಗಿ ದಪ್ಪ ಆಗ್ತಿದ್ದರೆ, ಕಾಲೂ ದಪ್ಪ ಇದ್ದರೆ, ಅದು ಬಹುತೇಕ ಹುಂಜ. ಇನ್ನೂ ಅನುಮಾನ ಇದ್ದರೆ ಹತ್ತು-ಹನ್ನೆರಡು ವಾರದ ತನಕ ತಡೆಯಿರಿ. ಆಗ ಮರಿಯನ್ನ ಬಿಸಿಲಿಗೆ ಹಿಡಿದು, ಬೆನ್ನ ಮೇಲೆ, ಬಾಲ ಶುರುವಾಗೋಕೆ ಸ್ವಲ್ಪ ಮುಂಚೆ ಇರುವ ಗರಿಗಳನ್ನ ಬೆರಳಲ್ಲಿ ಬಿಡಿಸಿ ನೋಡಿ. ತುದಿ ಚೂಪಾಗಿ, ಕಿರಿದಾಗಿ, ಮಿರಮಿರ ಹೊಳೆಯುತ್ತಾ ಪಕ್ಕಕ್ಕೆ ಇಳಿಬಿದ್ದಿದ್ದರೆ ಹುಂಜ. ತುದಿ ಗುಂಡಗೆ, ಅಗಲವಾಗಿ ಇದ್ದರೆ ಹೇಂಟೆ. ನನ್ನ ಕೇಳಿದರೆ ಉಳಿದ ಎಲ್ಲ ಗುರುತಿಗಿಂತ ಇದಕ್ಕೇ ಜಾಸ್ತಿ ಬೆಲೆ.

ಇಲ್ಲೇ ತಳಿಯ ವಿಷಯ ಬರೋದು. ಅಸೀಲ್ ಮರಿಯ ಜುಟ್ಟು ಬಟಾಣಿ ಸಾಲಿನ ಹಾಗೆ ಚಿಕ್ಕದು, ಗದ್ದದ ಜೋಲು ಇಲ್ಲ ಅನ್ನೋ ಅಷ್ಟು ಕಡಿಮೆ. ಹಾಗಾಗಿ ಸಾದಾ ನಾಟಿ ಲೆಕ್ಕದಲ್ಲಿ ನೋಡಿದರೆ ಗಂಡು ಮರಿಯೂ ಹೆಣ್ಣಿನ ಹಾಗೆ ಕಾಣುತ್ತದೆ. ಅಲ್ಲಿ ನೋಡಬೇಕಾದ್ದು ಜುಟ್ಟಿನ ಮಧ್ಯದ ಸಾಲು ಮತ್ತು ಎರಡು ಪಕ್ಕದ ಸಾಲು ಎಷ್ಟು ಅಗಲಕ್ಕೆ ಎದ್ದಿವೆ ಅನ್ನೋದನ್ನ. ಕಡಕ್‌ನಾಥ್‌ನಲ್ಲಿ ಜುಟ್ಟೇ ಕಪ್ಪು ಛಾಯೆಯದು, ಕೆಂಪನ್ನ ಹುಡುಕಿ ಪ್ರಯೋಜನ ಇಲ್ಲ, ಗಾತ್ರ ನೋಡಬೇಕು.

ಹೀಗೆ ತಳಿಗೊಂದು ಲಕ್ಷಣ ಇರೋದರಿಂದಲೇ ತಳಿಯ ಮಾನದಂಡ ಅಂತ ಒಂದನ್ನ ಬರೆದಿಡುತ್ತಾರೆ. ಅಂದರೆ ಇಷ್ಟೇ: ಆ ತಳಿಯ ಕೋಳಿ ಹೇಗಿರಬೇಕು ಅನ್ನೋ ಬರಹದ ವಿವರ. ಜುಟ್ಟಿನ ಬಗೆ, ಕಾಲಿನ ಬಣ್ಣ, ನಿಲುವು, ತೂಕ, ಗರಿ, ಎಲ್ಲ ಇರುತ್ತದೆ. ಅಮೆರಿಕದವರು ಇಂಥ ಪುಸ್ತಕವನ್ನ 1874ರಲ್ಲೇ ಹೊರತಂದರು, ಅಲ್ಲಿ ಪ್ರದರ್ಶನದಲ್ಲಿ ಅಂಕ ಕೊಡೋದು ಅದನ್ನ ಇಟ್ಟುಕೊಂಡೇ. ನಮ್ಮಲ್ಲಿ ದೇಸಿ ತಳಿಗಳನ್ನ ನೋಂದಾಯಿಸೋದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಆಂಧ್ರ ಮತ್ತು ಕರ್ನಾಟಕದ ಘಾಗಸ್ ಕೋಳಿ ಕೂಡ ಆ ಪಟ್ಟಿಯಲ್ಲಿದೆ, ನಮ್ಮವರಿಗೇ ಆ ಹೆಸರು ಅಷ್ಟಾಗಿ ಗೊತ್ತಿಲ್ಲ ಬಿಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಬೇರೆ ಲೆಕ್ಕ. ಅದು ಮಿಶ್ರತಳಿ, ಅದರ ಮರಿಗಳು ತಾಯಿ-ತಂದೆ ಥರಾನೇ ಬರುತ್ತವೆ ಅಂತ ಗ್ಯಾರಂಟಿ ಇಲ್ಲ.

ಕೊಳ್ಳುವಾಗ ಈ ವಿವರ ಕೆಲಸಕ್ಕೆ ಬರುತ್ತದೆ. ಕಡಕ್‌ನಾಥ್ ಅಂತ ಯಾರಾದರೂ ಕಪ್ಪು ಮೊಟ್ಟೆ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅದರ ಮೊಟ್ಟೆ ತಿಳಿ ಕಂದು ಅಥವಾ ಕೆನೆ ಬಣ್ಣದ್ದು. ಬೆರಕೆ ಮರಿಗಳಲ್ಲೂ ಕಪ್ಪು ಬರುವುದರಿಂದ ಗರಿ ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ಬಾಯಿ ತೆರೆದು ನಾಲಿಗೆಯಲ್ಲೂ ಕಪ್ಪು ಛಾಯೆ ಇದೆಯಾ ನೋಡಿ, ಕಾಲೂ ನೋಡಿ, ಸಾಧ್ಯವಾದರೆ ತಾಯಿ-ತಂದೆ ಎರಡನ್ನೂ ತೋರಿಸಿ ಅನ್ನಿ. ಜೋಡಿ ಬೇಕು ಅಂದರೆ ಮೂರು ತಿಂಗಳು ದಾಟಿದ್ದನ್ನೇ ಕೇಳಿ, ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.