ಹಳೆ ಸಂಚಿಕೆಗಳೇ ನಮ್ಮ ಬಂಡವಾಳ

ಬಾಗಲಕೋಟೆಯಿಂದ ನಾವು ಒಂದು ಸಣ್ಣ ಸುದ್ದಿ ಪಾಕ್ಷಿಕ ತರುತ್ತೇವೆ. ಆಲಮಟ್ಟಿ ಜಲಾಶಯಕ್ಕೆ ಎಷ್ಟು ನೀರು ಬಂತು ಅನ್ನೋದು ಬೆಳಿಗ್ಗೆಯೇ ಎಲ್ಲರ ವಾಟ್ಸಾಪ್‌ಗೆ ಬಂದಿರುತ್ತದೆ. ಹದಿನೈದು ದಿನ ಬಿಟ್ಟು ಅದನ್ನೇ ನಾವು ಅಚ್ಚು ಹಾಕಿದರೆ ಯಾರು ಓದುತ್ತಾರೆ? ಆನ್‌ಲೈನ್‌ಗೆ ಹೋಗೋಣ ಅಂದಾಗ ಗೆಳೆಯರು, "ದಿನಾ ಹತ್ತು ಸುದ್ದಿ ಹಾಕ್ರಿ" ಅಂದರು. ನಾನು ಒಪ್ಪಲಿಲ್ಲ. ಇಬ್ಬರು ಕೂತು ನಡೆಸುವ ಆಫೀಸು ಟಿವಿಯವರ ಜೊತೆ ಓಡೋಕಾಗುತ್ತಾ?

ನಮ್ಮ ಹತ್ತಿರ ಇದ್ದದ್ದು ಹಳೆ ಸಂಚಿಕೆಗಳು. ಆಲಮಟ್ಟಿ ಹಿನ್ನೀರಿನ ಮುಳುಗಡೆ, ಅದರ ಪರಿಹಾರ, ಸಕ್ಕರೆ ಕಾರ್ಖಾನೆ ಕೊಡುವ ಕಬ್ಬಿನ ಬಿಲ್ಲು ಇವೆಲ್ಲ ಇಲ್ಲಿ ಹಳೆಯದಾಗದ ಸುದ್ದಿ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಎದ್ದಾಗಲೆಲ್ಲ ಜನ ಮೊದಲಿಂದ ವಿಷಯ ಕೇಳುತ್ತಾರೆ. ರಾಜ್ಯಗಳಿಗೆ ಕೃಷ್ಣಾ ನದಿ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ ಅದಕ್ಕೆ ಒಪ್ಪಿದ್ದು 2010ರಲ್ಲಿ. ಆಗ ಬರೆದ ಲೇಖನ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆದರೆ ಅದು ಅಟ್ಟದ ಮೇಲಿನ ಕಟ್ಟಿನಲ್ಲಿತ್ತು.

ಅದನ್ನು ಇಳಿಸಿ ಫೋನಿಗೆ ತರೋದೇ ದೊಡ್ಡ ಕೆಲಸ. ನಮ್ಮ ಕಡೆ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವ ಕೆಲಸ, ನಡೆಯೋದು ಪೇಜ್‌ಮೇಕರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದರಲ್ಲಿ ಬಳಸುವ ಹಳೆ ಕನ್ನಡ ಫಾಂಟುಗಳು ಕಣ್ಣಿಗೆ ಕನ್ನಡ ತೋರಿಸುತ್ತವೆ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಪುಟವನ್ನು ಸುಮ್ನೆ ಪಿಡಿಎಫ್ ಮಾಡಿ ಏರಿಸಿದರೆ ಗೂಗಲ್‌ನಲ್ಲಿ 'ಮುಳುಗಡೆ ಪರಿಹಾರ' ಅಂತ ಹುಡುಕಿದವನಿಗೆ ಅದು ಸಿಗೋದೇ ಇಲ್ಲ. ಹಾಗಾಗಿ ಪಠ್ಯ ಹೊರತೆಗೆದು, ಕನ್ವರ್ಟರ್‌ಗೆ ಹಾಕಿ, ಯೂನಿಕೋಡ್, ಅಂದರೆ ಫೋನು, ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ಅಕ್ಷರ, ಮಾಡಿಕೊಂಡೆವು. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂತ ತಿಳಿದು ಕನ್ವರ್ಟರ್ ಏನೋ ಒಂದು ಬರೆಯುತ್ತದೆ. ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆ ಎಲ್ಲಾ ಮತ್ತೆ ಪ್ರೂಫ್ ನೋಡಲೇಬೇಕು. ನಮ್ಮಂಥ ಸಣ್ಣ ಪತ್ರಿಕೆಯವರಿಗೆ ನಾನು ಹೇಳೋದು: ಎಲ್ಲಾ ಸಂಚಿಕೆ ಮಾಡುತ್ತಾ ಕೂರಬೇಡಿ, ಮತ್ತೆ ಮತ್ತೆ ಕೇಳುವ ವಿಷಯಗಳನ್ನಷ್ಟೇ ಆರಿಸಿ. ಹೊಸ ಲೇಖನಗಳನ್ನು ಈಗ ಮೊದಲು ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತೇವೆ, ಪುಟ ಕಟ್ಟುವಾಗ ಬೇಕಾದರೆ ಹಳೆ ಫಾಂಟಿಗೆ ತಿರುಗಿಸುತ್ತೇವೆ.

ಇನ್ನೊಂದು ಪದ್ಧತಿ ಮಾಡಿಕೊಂಡೆವು: ಒಂದು ವಿಷಯಕ್ಕೆ ಒಂದೇ ಪುಟ, ಒಂದೇ ಲಿಂಕ್. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಹೇಳುವ ಕನಿಷ್ಠ ದರ, ಪ್ರತಿ ಹಂಗಾಮಿಗೆ ನಿಗದಿಯಾಗುತ್ತದೆ. 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಕಬ್ಬಿನಿಂದ ಸಿಗುವ ಸಕ್ಕರೆಯ ಇಳುವರಿ ನೂರಕ್ಕೆ 10.25 ಇದ್ದರೆ. ಹಾಗಾದರೆ ಟನ್ನಿಗೆ 3,550 ಕೈಗೆ ಬರಬೇಕಲ್ವಾ ಅಂತ ರೈತರು ಕೇಳುತ್ತಾರೆ. ಕಟಾವು ಮತ್ತು ಸಾಗಾಣಿಕೆ ಅದರಲ್ಲೇ ಮುರಿದುಕೊಳ್ಳುವ ಲೆಕ್ಕ ಆ ಪುಟದಲ್ಲಿದೆ. ಹಂಗಾಮು ಶುರುವಾದಾಗ ಅಂಕಿ ತಿದ್ದಿ, ಮೇಲೆ ತಾರೀಖು ಹಾಕಿ, ಮತ್ತೆ ಕಳಿಸುತ್ತೇವೆ.

ಕಳಿಸೋಕೆ ಮೊದಲು ವಾಟ್ಸಾಪ್ ಬ್ರಾಡ್‌ಕಾಸ್ಟ್ ಬಳಸುತ್ತಿದ್ದೆವು. ಒಂದು ಪಟ್ಟಿಗೆ 256 ಜನ ಮಾತ್ರ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. 2023ರಲ್ಲಿ ಚಾನೆಲ್ ಬಂದ ಮೇಲೆ ಆ ತಲೆನೋವು ಹೋಯಿತು. ಆದರೆ ಚಾನೆಲ್‌ನಲ್ಲಿ ಓದುಗರು ಗ್ರೂಪ್‌ನಲ್ಲಿ ಬರೆದ ಹಾಗೆ ತಿರುಗಿ ಬರೆಯೋಕಾಗಲ್ಲ. ಅದಕ್ಕೆ ಪ್ರತಿ ಲೇಖನದ ಕೆಳಗೆ ಆಫೀಸಿನ ನಂಬರ್ ಹಾಕುತ್ತೇವೆ. ನನ್ನ ಪ್ರಕಾರ ಆನ್‌ಲೈನ್‌ನಿಂದ ನಮಗಾದ ನಿಜವಾದ ಲಾಭ ಇಲ್ಲಿದೆ. ಮುಧೋಳ ಕಡೆಯ ರೈತರೊಬ್ಬರು ಬಿಲ್ಲಿನ ಫೋಟೋ ಕಳಿಸಿ, "ಸರ್, ಇದರಾಗ ಕಟಾವಿಗೆ ಎಷ್ಟು ಹಿಡದಾರ ನೋಡ್ರಿ" ಅಂದರು. ಆಮೇಲೆ ಬೇರೆ ಊರುಗಳಿಂದಲೂ ಬಿಲ್ಲು ಬಂದವು. ಅವನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇ ಮುಂದಿನ ಸಂಚಿಕೆಯ ಮುಖಪುಟ ಲೇಖನವಾಯಿತು. ಅದನ್ನು ಮೊದಲು ಅಚ್ಚಿನಲ್ಲಿ ತಂದೆವು.

ಪೂರ್ತಿ ಸಂಚಿಕೆಯ ಪಿಡಿಎಫ್ ಮಾತ್ರ ಯಾರಿಗೂ ಕಳಿಸಲ್ಲ. ಒಬ್ಬರ ಫೋನಿಗೆ ಹೋದರೆ ಊರಿಗೇ ಹೋದಂತೆ. ಮತ್ತೆ ಚಂದಾ ಯಾಕೆ ಕಟ್ಟುತ್ತಾರೆ? ಚಂದಾ ಈಗ ಹೆಚ್ಚಾಗಿ ಯುಪಿಐನಲ್ಲೇ ಬರುತ್ತದೆ, ಮನಿಆರ್ಡರ್ ಕಾಯುವ ಕಾಟ ಇಲ್ಲ.

ಜಾಹೀರಾತು ಮಾತ್ರ ಫೋನಿಗೆ ಬರಲು ಒಪ್ಪುತ್ತಿಲ್ಲ. ಲಿಂಕ್ ತೋರಿಸಿದರೆ ಅಂಗಡಿಯವರು ನಗುತ್ತಾರೆ. ಯುಗಾದಿ, ದೀಪಾವಳಿಯ ಶುಭಾಶಯ ಕಾಗದದ ಮೇಲೆ, ಬಣ್ಣದಲ್ಲಿ, ಫೋಟೋ ಸಮೇತ ಬೇಕು. ಅದನ್ನು ಕತ್ತರಿಸಿ ಗಲ್ಲಾದ ಹಿಂದೆ ಅಂಟಿಸುತ್ತಾರೆ. ಅಚ್ಚಿನ ಖರ್ಚು ಸದ್ಯ ಅದರಿಂದಲೇ ಹೊರಡುತ್ತಿದೆ.