ಹೂವಿನ ರಾಶಿ ಬಿಟ್ಟು ಬೀದಿಗೆ ಬಂದೆ: ರಘುಬೀರ್ ಸಿಂಗ್ ಕಲಿಸಿದ ಬಣ್ಣ

1998ರಲ್ಲಿ ನಾನು ಮೊದಲ ಸಲ ಸ್ಲೈಡ್ ಫಿಲ್ಮ್ (ತೊಳೆದರೆ ನೆಗೆಟಿವ್ ಅಲ್ಲ, ನೇರ ಬಣ್ಣದ ಚಿತ್ರವೇ ಬರುವ ಫಿಲ್ಮ್) ಹಾಕಿದ ಕ್ಯಾಮೆರಾ ಹಿಡಿದು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋದೆ. ಮೇಲಿನಿಂದ ಬಗ್ಗಿ ನೋಡಿದರೆ ಕೆಳಗೆ ಸೇವಂತಿಗೆ ರಾಶಿ, ಕನಕಾಂಬರದ ಕುಕ್ಕೆ, ಗುಲಾಬಿ ಮೂಟೆ. ಊರಲ್ಲಿ ಕ್ಯಾಮೆರಾ ಇರುವವರೆಲ್ಲ ಒಂದಲ್ಲ ಒಂದು ದಿನ ತೆಗೆದೇ ತೀರುವ ಫೋಟೊ ಅದು. ನಾನೂ ತೆಗೆದೆ. ಒಂದು ರೋಲ್ ಪೂರ್ತಿ, 36 ಫ್ರೇಮ್.

ತೊಳೆದು ಬಂದ ಸ್ಲೈಡುಗಳನ್ನು ಹೆಮ್ಮೆಯಿಂದ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಬರೀ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿದವರು. ಅಡಿಯಿಂದ ಬೆಳಕು ಬರುವ ಲೈಟ್‌ಬಾಕ್ಸ್ ಮೇಲೆ ಲೂಪ್ ಅನ್ನುವ ಭೂತಗನ್ನಡಿ ಇಟ್ಟು ಒಂದೊಂದಾಗಿ ನೋಡಿದರು. ಕೊನೆಗೆ, 'ಹೂವು ಚೆನ್ನಾಗಿವೆ. ಇದರಲ್ಲಿ ನೀನು ಏನು ಮಾಡಿದೆ?' ಅಂದರು.

ಉತ್ತರ ಇರಲಿಲ್ಲ. ಬಣ್ಣ ಅಲ್ಲಿತ್ತು, ನಾನು ಬಟನ್ ಒತ್ತಿದ್ದೆ, ಅಷ್ಟೇ. ಬಣ್ಣ ಇದ್ದ ಕಡೆ ಓಡಿದರೆ ಸಿಗುವುದು ಕ್ಯಾಲೆಂಡರ್. ಇದು ಅರ್ಥವಾಗಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಅರ್ಥ ಮಾಡಿಸಿದ್ದು ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದ ಛಾಯಾಗ್ರಾಹಕ ರಘುಬೀರ್ ಸಿಂಗ್ ಅವರ ಒಂದು ದಪ್ಪ ಪುಸ್ತಕ. 2000ದಲ್ಲಿ ಗೆಳೆಯನೊಬ್ಬ ಒಂದು ವಾರದ ಮಟ್ಟಿಗೆ ಅಂತ ಕೊಟ್ಟ. ಎಂಟು ತಿಂಗಳು ಇಟ್ಟುಕೊಂಡೆ. ಅಷ್ಟು ಹೊತ್ತಿಗೆ ಸಿಂಗ್ ತೀರಿಕೊಂಡು ಒಂದು ವರ್ಷವಾಗಿತ್ತು. 1999ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೋದರು, 56 ವರ್ಷಕ್ಕೆ.

ನಿಜ ಹೇಳಬೇಕೆಂದರೆ ಪುಸ್ತಕ ತೆರೆದಾಗ ಮೊದಲು ಬಂದದ್ದು ಕಿರಿಕಿರಿ. ಫ್ರೇಮಿನ ನಟ್ಟನಡುವೆ ಕಂಬ. ಒಬ್ಬನ ತಲೆ ಅರ್ಧ ಕತ್ತರಿಸಿ ಹೋಗಿದೆ. ಹತ್ತಿರದಲ್ಲಿ ಒಬ್ಬ, ದೂರದಲ್ಲಿ ಐವರು, ಅವರ ಹಿಂದೆ ಒಂದು ಬೋರ್ಡು, ಅದರ ಹಿಂದೆ ಇನ್ನೇನೋ. 'ಕಣ್ಣು ಎಲ್ಲಿಡಬೇಕಪ್ಪಾ' ಅನ್ನಿಸಿತು. ನನಗೆ ಕಲಿಸಿದ್ದೆಲ್ಲ ಒಂದೇ ವಿಷಯ ಇಟ್ಟುಕೋ, ಉಳಿದದ್ದನ್ನು ಮಸುಕು ಮಾಡು ಅಂತ. ಈ ಮನುಷ್ಯ ಯಾವುದನ್ನೂ ಬಿಟ್ಟಿರಲಿಲ್ಲ. ಆದರೂ ಚಿತ್ರ ಚೆದುರಿರಲಿಲ್ಲ. ಹೇಗೆ?

ಆ 'ಹೇಗೆ'ಯ ಹಿಂದೆ ಬಿದ್ದಾಗ ಅವರ ಕಥೆಯೂ ತಿಳಿಯುತ್ತಾ ಹೋಯಿತು. ಹುಟ್ಟಿದ್ದು 1942ರಲ್ಲಿ, ಜೈಪುರದಲ್ಲಿ. ಚಹಾ ಕಂಪನಿಯಲ್ಲಿ ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಹೋದರು, ಕೆಲಸ ಸಿಗಲಿಲ್ಲ. ಸಿಕ್ಕಿದ್ದರೆ ನಮಗೆ ಈ ಚಿತ್ರಗಳು ಇರುತ್ತಿರಲಿಲ್ಲ. ಕೈ ಹಿಡಿದದ್ದು ಕ್ಯಾಮೆರಾ. 1966ರಲ್ಲಿ ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸ್ಸೋ ಜೈಪುರಕ್ಕೆ ಬಂದಾಗ ಅವರು ಬೀದಿಯಲ್ಲಿ ಕೆಲಸ ಮಾಡುವುದನ್ನು ಸಿಂಗ್ ಹತ್ತಿರದಿಂದ ನೋಡಿದರು. ಚಿಕ್ಕ ಲೈಕಾ ಕ್ಯಾಮೆರಾ, ಚುರುಕು ಕಾಲು, ಜನರ ನಡುವೆಯೇ ನಿಲ್ಲುವ ರೀತಿ, ಇಷ್ಟನ್ನು ತೆಗೆದುಕೊಂಡರು. ಒಂದನ್ನು ಬಿಟ್ಟರು: ಕಪ್ಪು-ಬಿಳುಪು. ಬ್ರೆಸ್ಸೋಗೆ ಬಣ್ಣ ಅಂದರೆ ಆಗುತ್ತಿರಲಿಲ್ಲ. ಗುರುವಿನ ಸ್ಥಾನದಲ್ಲಿರುವವರು ಬೇಡ ಅನ್ನುವುದನ್ನೇ ಹಿಡಿದು ಮೂವತ್ತು ವರ್ಷ ಕೂರುವುದು ಸುಮ್ನೆ ಮಾತಲ್ಲ.

ಆ ಕಾಲದಲ್ಲಿ ಬಣ್ಣ ಅಂದರೆ ಜಾಹೀರಾತು, ಪ್ರವಾಸಿ ಪೋಸ್ಟ್‌ಕಾರ್ಡು. 1976ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಫೋಟೊಗಳನ್ನು ಗೋಡೆಗೆ ಹಾಕಿದಾಗ ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಗಂಗಾ ನದಿಯ ಬಗ್ಗೆ ಸಿಂಗ್ ಮಾಡಿದ ಮೊದಲ ಬಣ್ಣದ ಪುಸ್ತಕ ಬಂದದ್ದು ಅದಕ್ಕೂ ಎರಡು ವರ್ಷ ಮೊದಲು, 1974ರಲ್ಲಿ. ಅವರ ವಾದ ನೇರವಾಗಿತ್ತು. ಫೋಟೊ ಬರುವ ಮೊದಲು ಇಲ್ಲಿನ ಚಿತ್ರಕಾರರು ಲೋಕವನ್ನು ಬಣ್ಣದಲ್ಲೇ ನೋಡಿದವರು. ಕಪ್ಪು-ಬಿಳುಪಿನ ಒಂಟಿತನ, ಕಳವಳ ಪಶ್ಚಿಮದ್ದು, ಅದನ್ನು ನಾವು ಎರವಲು ತರಬೇಕಿಲ್ಲ ಅಂತ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲೂ ಕಪ್ಪು-ಬಿಳುಪಿನಲ್ಲಿ ಅದ್ಭುತ ಕೆಲಸ ಮಾಡಿದವರಿದ್ದಾರೆ. ಆದರೆ ಸಿಂಗ್ ಅವರ ಚಿತ್ರಗಳ ಪಕ್ಕ ರಜಪೂತ ಚಿಕಣಿ ಚಿತ್ರಗಳನ್ನು (ಮಿನಿಯೇಚರ್) ಇಟ್ಟು ನೋಡಿದಾಗ ನನ್ನ 'ಹೇಗೆ'ಗೆ ಉತ್ತರ ಸಿಕ್ಕಿತು.

ಆ ಚಿಕಣಿ ಚಿತ್ರಗಳಲ್ಲಿ ಮಹಡಿಯಲ್ಲಿ ಒಬ್ಬಳು ಕೂತಿರುತ್ತಾಳೆ, ಅಂಗಳದಲ್ಲಿ ಒಬ್ಬ ಕುದುರೆ ಹಿಡಿದಿರುತ್ತಾನೆ, ಗೋಡೆಯಾಚೆ ಬೇಟೆ ನಡೆದಿರುತ್ತದೆ. ಎಲ್ಲವೂ ಸ್ಪಷ್ಟ, ಯಾವುದೂ ಮಸುಕಿಲ್ಲ. ಆದರೂ ಗೊಂದಲವಿಲ್ಲ. ಯಾಕೆಂದರೆ ಗೋಡೆ, ಕಂಬ, ಕಿಟಕಿಗಳು ಚಿತ್ರವನ್ನು ಮನೆಗಳಾಗಿ ಭಾಗ ಮಾಡುತ್ತವೆ, ನಮ್ಮ ಚೌಕಾಬಾರದ ಮನೆಗಳ ಹಾಗೆ. ಆಮೇಲೆ ಒಂದೇ ಕೆಂಪು ಇಲ್ಲೊಮ್ಮೆ, ಅಲ್ಲೊಮ್ಮೆ, ಮೂಲೆಯಲ್ಲೊಮ್ಮೆ ಬಂದು ಎಲ್ಲವನ್ನೂ ಹೊಲಿಯುತ್ತದೆ. ಸಿಂಗ್ ಬೀದಿಯಲ್ಲಿ ಮಾಡಿದ್ದೂ ಇದನ್ನೇ. ನಾನು ಅಡ್ಡ ಬಂತು ಅಂದುಕೊಂಡ ಆ ಕಂಬ ಗೋಡೆಯ ಕೆಲಸ ಮಾಡುತ್ತಿತ್ತು.

ಗೊತ್ತಾಗುವುದು ಬೇರೆ, ಕೈಗೆ ಬರುವುದು ಬೇರೆ ಅಲ್ವಾ? ಅವೆನ್ಯೂ ರೋಡಿನ ಒಂದು ಅಡ್ಡರಸ್ತೆಯಲ್ಲಿ ಕನ್ನಡಿ, ಫ್ರೇಮ್ ಮಾರುವ ಅಂಗಡಿಯಿತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕನ್ನಡಿಗಳನ್ನೆಲ್ಲ ಹೊರಗೆ ಗೋಡೆಗೆ ಒರಗಿಸಿಡುತ್ತಿದ್ದರು. 1991ರಲ್ಲಿ ಹೌರಾದ ಫುಟ್‌ಪಾತ್ ಮೇಲಿನ ಕನ್ನಡಿ ಅಂಗಡಿಯನ್ನು ಸಿಂಗ್ ತೆಗೆದ ಫೋಟೊ ನನ್ನ ತಲೆಯಲ್ಲಿ ಕೂತಿತ್ತು. ಅದರಲ್ಲಿ ಬೀದಿಯೇ ಕನ್ನಡಿಗಳೊಳಗೆ ಚೂರು ಚೂರಾಗಿ ಕಾಣುತ್ತದೆ. ನಾನು ಮಾಡಲು ಹೊರಟದ್ದು ನಕಲು. ಮುಚ್ಚಿಡುವುದೇನೂ ಇಲ್ಲ. ಅಡುಗೆ ಕಲಿಯುವವರು ಮೊದಲು ಅಮ್ಮ ಮಾಡಿದ ಹಾಗೇ ಸಾರು ಮಾಡಲು ನೋಡುವುದಿಲ್ಲವೇ?

ಹನ್ನೊಂದು ಶನಿವಾರ ಅಲ್ಲಿ ನಿಂತೆ. ಮೊದಲ ತೊಂದರೆ, ಎಲ್ಲಾ ಕನ್ನಡಿಯಲ್ಲೂ ನಾನೇ ಇರುತ್ತಿದ್ದೆ. ಪಕ್ಕಕ್ಕೆ ಸರಿದರೆ ಕನ್ನಡಿಯಲ್ಲಿ ಬರೀ ಆಕಾಶ. ಮೊಣಕಾಲೂರಿ ಕೂತರೆ ಎದುರಿನ ಅಂಗಡಿಯ ಹಸಿರು ಶಟರ್ ಬಂತು, ಆದರೆ ಜನ ಸೊಂಟದಿಂದ ಕೆಳಗೆ ಮಾತ್ರ. ಎರಡನೆಯದು, ಕನ್ನಡಿಯಲ್ಲಿ ಬಿಸಿಲು, ಗೋಡೆಯಲ್ಲಿ ನೆರಳು. ಸ್ಲೈಡ್ ಫಿಲ್ಮಿಗೆ ಬೆಳಕು-ಕತ್ತಲೆಯ ಅಂತರ ಐದು ಸ್ಟಾಪಿಗಿಂತ (ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು) ಜಾಸ್ತಿಯಾದರೆ ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಇದ್ದಿಲು. ಪ್ರಿಂಟ್ ಮಾಡುವಾಗ ತಿದ್ದಿಕೊಳ್ಳೋಣ ಅನ್ನುವ ಹಾಗಿಲ್ಲ. ಕ್ಯಾಮೆರಾದೊಳಗೆ ಹೋದ ಆ ಫಿಲ್ಮೇ ಚೌಕಟ್ಟಿನಲ್ಲಿ ಕೂತು ಬರುತ್ತದೆ. ಮೂರನೇ ಶನಿವಾರವೇ ಅಂಗಡಿಯವರು ಕೇಳಿದರು, 'ಸಾರ್, ನಿಮಗೆ ಕನ್ನಡಿ ಬೇಕಾ, ಸುಮ್ನೆ ನೋಡೋಕ್ ಬರ್ತೀರಾ?' ಒಂದು ಕನ್ನಡಿ ಕೊಂಡೆ. ಈಗಲೂ ನಮ್ಮ ಬಚ್ಚಲುಮನೆಯಲ್ಲಿದೆ.

ಬಿಸಿಲು ಬೀದಿಗೆ ನೇರ ಇಳಿಯುವ ಮುಂಚೆ ಸುಮಾರು ಇಪ್ಪತ್ತು ನಿಮಿಷ ಅಲ್ಲಿ ಎಲ್ಲ ಕಡೆ ಒಂದೇ ಬೆಳಕಿರುತ್ತಿತ್ತು. ಆ ಬೆಳಕಿಗೆ ಕ್ಯಾಮೆರಾದ ಲೆಕ್ಕ ಇಷ್ಟೇ: 100 ಎ.ಎಸ್.ಎ. ಫಿಲ್ಮ್, ಸೆಕೆಂಡಿನ 125ನೇ ಒಂದು ಭಾಗ, ಎಫ್ 5.6. 35 ಎಂ.ಎಂ. ಲೆನ್ಸನ್ನು ಮೂರು ಮೀಟರಿಗೆ ಕಟ್ಟಿಟ್ಟು, ಫೋಕಸ್ ಮುಟ್ಟುವುದನ್ನೇ ಬಿಟ್ಟೆ. ಫ್ರೇಮಿನ ಎಡ ಅಂಚಿಗೆ ಕನ್ನಡಿಯ ಮರದ ಚೌಕಟ್ಟು ತಾಗುವ ಹಾಗೆ ನಿಂತು, ಬರುವವರು ಬರಲಿ ಅಂತ ಕಾದೆ. ಹನ್ನೊಂದನೇ ಶನಿವಾರ ನೀಲಿ ಪ್ಲಾಸ್ಟಿಕ್ ಕೊಡಗಳನ್ನು ಸೈಕಲ್ಲಿಗೆ ಕಟ್ಟಿಕೊಂಡ ಹುಡುಗ ಬಂದ. ಕೊಡ ಒಂದು ಕನ್ನಡಿಯಲ್ಲಿ, ಹುಡುಗನ ಮುಖ ಇನ್ನೊಂದರಲ್ಲಿ, ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ನಿಜವಾದ ಬೀದಿಯಲ್ಲಿ. ಮೂಲೆಯಲ್ಲಿ ಯಾರದೋ ನೀಲಿ ಅಂಗಿಯ ತೋಳು. ಆ ತೋಳು ನಾನು ನೋಡಿಯೇ ಇರಲಿಲ್ಲ. ಸ್ಲೈಡ್ ಬಂದಮೇಲೆ ನೋಡಿದರೆ ಚಿತ್ರ ನಿಂತಿರುವುದೇ ಅದರಿಂದ. ಬೆರಳಿನಿಂದ ಆ ಮೂಲೆ ಮುಚ್ಚಿದರೆ ಕೊಡಗಳು ಅನಾಥವಾಗುತ್ತಿದ್ದವು.

ಅವತ್ತಿನಿಂದ ಒಂದು ಅಭ್ಯಾಸ ಬಂತು. ಸ್ಲೈಡನ್ನು ತಲೆಕೆಳಗಾಗಿ ಲೈಟ್‌ಬಾಕ್ಸ್ ಮೇಲೆ ಇಡುವುದು. ತಲೆಕೆಳಗಾದರೆ ಹುಡುಗ, ಸೈಕಲ್ ಅನ್ನುವುದು ಮರೆತು ಹೋಗಿ ಬಣ್ಣದ ತುಂಡುಗಳಷ್ಟೇ ಉಳಿಯುತ್ತವೆ. ಯಾವ ಬಣ್ಣ ಸುಮ್ಮನೆ ಕೂಗಾಡುತ್ತಿದೆ, ಯಾವುದು ಕೆಲಸ ಮಾಡುತ್ತಿದೆ ಅಂತ ತಕ್ಷಣ ಕಾಣುತ್ತದೆ. ಈಗ ಡಿಜಿಟಲ್‌ನಲ್ಲೂ ಹೀಗೇ ಮಾಡುತ್ತೇನೆ. ಇನ್ನೊಂದು ಪರೀಕ್ಷೆ, ಬಣ್ಣ ತೆಗೆದು ನೋಡುವುದು. ಬಣ್ಣ ಹೋದರೂ ಚಿತ್ರಕ್ಕೆ ಏನೂ ಆಗದಿದ್ದರೆ ಅದು ಬಣ್ಣದ ಫೋಟೊ ಅಲ್ಲ, ಬಣ್ಣ ಬಳಿದುಕೊಂಡ ಕಪ್ಪು-ಬಿಳುಪಿನ ಫೋಟೊ. ನನ್ನ ಹಳೆಯ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಆ ಜಾತಿಯವು.

ಕೊಡಾಕ್ ಕಂಪನಿಯ ಕೊಡಾಕ್ರೋಮ್ ಸ್ಲೈಡ್ ಫಿಲ್ಮ್ ಬಗ್ಗೆ ಕೇಳುವವರಿದ್ದಾರೆ. ಸಿಂಗ್ ಬಳಸಿದ್ದು ಅದೇ. ಇಲ್ಲಿ ಸಿಗುವುದು ಕಷ್ಟವಿದ್ದ ಕಾಲದಲ್ಲಿ ವಿದೇಶಿ ಪತ್ರಿಕೆಗಳ ಕೆಲಸದ ಜೊತೆ ಅವರಿಗೆ ಫಿಲ್ಮ್ ಸಿಗುತ್ತಿತ್ತು. ನಾನು ಒಂದು ರೋಲೂ ಬಳಸಿಲ್ಲ. ಅದನ್ನು ತೊಳೆಯುವ ವಿಧಾನವೇ ಬೇರೆ. ಫಿಲ್ಮಿನಲ್ಲಿ ಬಣ್ಣವೇ ಇರುವುದಿಲ್ಲ, ತೊಳೆಯುವಾಗ ಸೇರಿಸಬೇಕು. ಕೊಡಾಕ್ ಅದನ್ನು 2009ರಲ್ಲಿ ನಿಲ್ಲಿಸಿತು, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದ ಕೊನೆಯ ಲ್ಯಾಬು 2010ರ ಡಿಸೆಂಬರ್ ಕೊನೆಗೆ ರೋಲ್ ತೆಗೆದುಕೊಳ್ಳುವುದನ್ನು ಬಿಟ್ಟಿತು. ನನ್ನವು ಇ-6 ಅನ್ನುವ ಸಾಮಾನ್ಯ ವಿಧಾನದಲ್ಲಿ ತೊಳೆಯುವ ಸ್ಲೈಡುಗಳು. ಅದರಲ್ಲೂ ಒಮ್ಮೆ ಒಂದು ಲ್ಯಾಬಿನವರು ನಾಲ್ಕು ರೋಲಿಗೆ ಉದ್ದಕ್ಕೂ ಗೀರು ಹಾಕಿ ಕೊಟ್ಟರು. ಮೂರು ತಿಂಗಳ ಕೆಲಸ. ಕ್ಷಮೆ ಕೇಳಿ ನಾಲ್ಕು ಹೊಸ ರೋಲ್ ಕೊಟ್ಟರು. ತಗೊಂಡೆ, ಇನ್ನೇನು ಮಾಡಲಿ? ಗೀರಿನಿಂದ ಉಳಿದವನ್ನು ಮಳೆಗಾಲದ ಬೂಷ್ಟು ತಿಂದಿತು. ಸ್ಲೈಡ್ ಇಟ್ಟುಕೊಂಡಿರುವವರು ದಯವಿಟ್ಟು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಬೀರುವಿನ ಕೆಳಗಿನ ಅರೆ ಬೇಡ.

ಸಿಂಗ್ ಅವರಿಂದ ಕಲಿತದ್ದರಲ್ಲಿ ಬಹಳ ತಡವಾಗಿ ತಲೆಗೆ ಹತ್ತಿದ್ದು, ಅವರು ಕೆಲಸ ಮಾಡಿದ ಕ್ರಮ. ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ನಲ್ಲಿ ಮನೆ ಮಾಡಿದರೂ ಚಿತ್ರ ತೆಗೆಯಲು ಮತ್ತೆ ಮತ್ತೆ ಇಲ್ಲಿಗೇ ಬಂದರು. ಒಂದು ನದಿ, ಒಂದು ಊರು, ಒಂದು ರಾಜ್ಯ, ಒಂದು ಹೆದ್ದಾರಿ ಹಿಡಿದು ವರ್ಷಗಟ್ಟಲೆ ತಿರುಗುವುದು, ಪುಸ್ತಕ ಮಾಡುವುದು. ಗಂಗಾ, ಕಲ್ಕತ್ತಾ, ರಾಜಸ್ಥಾನ, ಕಾಶ್ಮೀರ, ಕೇರಳ, ಬನಾರಸ್, ಬೊಂಬಾಯಿ, ಗ್ರ್ಯಾಂಡ್ ಟ್ರಂಕ್ ರೋಡ್, ತಮಿಳುನಾಡು. ಕೊನೆಗೆ ಅಂಬಾಸಿಡರ್ ಕಾರನ್ನೇ ಚೌಕಟ್ಟು ಮಾಡಿಕೊಂಡು, ಅದರ ಕಿಟಕಿ, ಬಾಗಿಲು, ಕನ್ನಡಿಗಳಿಂದ ದೇಶ ನೋಡಿದರು. ಆ ಪುಸ್ತಕ 2002ರಲ್ಲಿ, ಅವರು ಹೋದಮೇಲೆ ಬಂತು.

ನನ್ನ ಹತ್ತಿರ ಅಂಬಾಸಿಡರ್ ಇರಲಿಲ್ಲ, ಪರಿಚಯದ ಆಟೊ ಇತ್ತು. ಅಡ್ಡಾಡುತ್ತಿದ್ದ ಕಡೆಯೆಲ್ಲ ಫೋಟೊ ತೆಗೆಯುವುದು ಬಿಟ್ಟು, ಮಾರ್ಕೆಟ್‌ನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿವರೆಗೆ, ಅಷ್ಟೇ ದಾರಿ, ಮೂರು ವರ್ಷ ಓಡಾಡಿದೆ. ಹಿಂದಿನ ಸೀಟಿನಲ್ಲಿ ಕೂತರೆ ಡ್ರೈವರ್‌ನ ಖಾಕಿ ಭುಜ, ಮುಂದಿನ ಗಾಜು, ಪಕ್ಕದ ಕಬ್ಬಿಣದ ಸರಳು, ಎಲ್ಲವೂ ಪುಕ್ಕಟೆ ಗೋಡೆಗಳು. ಖಾಕಿಯ ಸಪ್ಪೆ ಬಣ್ಣ ಪಕ್ಕದಲ್ಲಿದ್ದರೆ ಹೊರಗಿನ ಒಂದು ಚೂರು ಹಳದಿಯೂ ಸಾಕು. ಹತ್ತು ಹಳದಿ ಬೇಡ. ಮೊದಲ ವರ್ಷದ ಚಿತ್ರಗಳು ಏನೇನೂ ಇಲ್ಲ. ಎರಡನೇ ವರ್ಷ ನಾನು ಹೊಸತನ್ನು ಹುಡುಕುವುದು ನಿಲ್ಲಿಸಿದ್ದೆ. ಯಾವ ಗೋಡೆ ಯಾವಾಗ ನೆರಳಿಗೆ ಬರುತ್ತದೆ, ಯಾವ ಗ್ಯಾರೇಜು ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಬಾಯಿಪಾಠವಾಗಿತ್ತು.

ಮಳೆಯ ಮಾತು ಹೇಳಿಬಿಡುತ್ತೇನೆ. 1967ರಲ್ಲಿ ಬಿಹಾರದ ಮುಂಗೇರ್‌ನಲ್ಲಿ ಸಿಂಗ್ ತೆಗೆದ ಚಿತ್ರವೊಂದಿದೆ. ನಾಲ್ವರು ಹೆಂಗಸರು ಗಾಳಿಮಳೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ, ಸೀರೆ ಮೈಗೆ ಅಂಟಿದೆ, ಸುತ್ತ ಮಬ್ಬು. ಬಣ್ಣದ ಚಿತ್ರಕ್ಕೆ ಬಿಸಿಲು ಬೇಕು ಅಂದುಕೊಂಡಿದ್ದ ನನ್ನನ್ನು ಅದು ಮಳೆಯಲ್ಲಿ ಹೊರಗೆ ತಳ್ಳಿತು. ಮೋಡದ ಬೆಳಕಿನಲ್ಲಿ ಬಣ್ಣ ಹೊಳೆಯುವುದಿಲ್ಲ, ಆದರೆ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾಮೆರಾ, ಲೆನ್ಸಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್‌ಬ್ಯಾಂಡ್.

ಹಾಗೊಂದು ಆಷಾಢದ ದಿನ ಮತ್ತೆ ಮಾರ್ಕೆಟ್ ಹತ್ತಿರ ಇದ್ದೆ, ಈ ಸಲ ಹೊರಗೆ, ರಸ್ತೆಯಲ್ಲಿ. ದಿನಾ ಕೂರುತ್ತಿದ್ದ ಹೂವಿನ ಅಮ್ಮ ನೀಲಿ ಟಾರ್ಪಾಲಿನಡಿ ಮುದುಡಿ ಕೂತಿದ್ದರು. ಬುಟ್ಟಿಗೆ ಬಾಳೆಲೆ ಮುಚ್ಚಿತ್ತು. ಎಲೆಯ ಅಂಚಿನಿಂದ ಕನಕಾಂಬರದ ಒಂದು ತುದಿ ಇಣುಕುತ್ತಿತ್ತು. ಹಿಂದೆ ಕೆಂಪು ಬಸ್ಸಿನ ಚೂರು, ಟಾರ್ಪಾಲಿನ ಕಂಬ ಮಧ್ಯಕ್ಕೆ ಸರಿಯಾಗಿ. ಎರಡೇ ಫ್ರೇಮ್ ತೆಗೆದೆ. 'ನಂಗೊಂದು ಕೊಡಪ್ಪ' ಅಂದರು.

ಸ್ಲೈಡಿನಿಂದ ಪ್ರಿಂಟ್ ಮಾಡಿಸಿಕೊಂಡು ಹದಿನೈದು ದಿನ ಬಿಟ್ಟು ಹೋದೆ. ನನ್ನ ಲೆಕ್ಕದಲ್ಲಿ ಅದುವರೆಗೆ ನಾನು ತೆಗೆದ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು ತಗೊಂಡರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

'ಏನಪ್ಪ ಇದು, ಹೂವೇ ಕಾಣ್ತಿಲ್ವಲ್ಲ!'

ಎರಡು ಮೊಳ ಕನಕಾಂಬರ ತಗೊಂಡು ಮನೆಗೆ ಬಂದೆ.